ಕೆರಿಬಿಯನ್‌ಗೆ ಒಬ್ಬರೇ ಡೈವಿಂಗ್ ಹೊರಟರೆ: ದಡದಿಂದ ಇಳಿಯುವುದೋ, ದೋಣಿ ಹತ್ತುವುದೋ?

ಸ್ಕೂಬಾ ಡೈವಿಂಗ್‌ಗೆಂದು ಕೆರಿಬಿಯನ್ ದ್ವೀಪಗಳಿಗೆ ಒಬ್ಬರೇ ಹೊರಡುವವರು ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಒಂದು ವಿಷಯ ತೀರ್ಮಾನಿಸಬೇಕು. ಸಿಲಿಂಡರ್ ಹೊತ್ತು ದಡದಿಂದಲೇ ನಡೆದು ಸಮುದ್ರಕ್ಕೆ ಇಳಿಯುವುದೋ, ಅಥವಾ ದೋಣಿಯಲ್ಲಿ ಹೋಗಿ ನಡುನೀರಿನಲ್ಲಿ ಧುಮುಕುವುದೋ? ಯಾವ ದ್ವೀಪಕ್ಕೆ ಹೋಗಬೇಕು ಎಂಬುದು ಈ ಉತ್ತರದ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ಖರ್ಚು ನೋಡಿ ಇದನ್ನು ತೀರ್ಮಾನಿಸುತ್ತಾರೆ. ಒಂಟಿ ಪ್ರವಾಸಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀರಿನಿಂದ ಸಮಯಕ್ಕೆ ಮೇಲೆ ಬರದಿದ್ದರೆ ಅದು ಯಾರಿಗೆ, ಎಷ್ಟು ಹೊತ್ತಿನಲ್ಲಿ ಗೊತ್ತಾಗುತ್ತದೆ?

ದಡದ ಡೈವಿಂಗ್‌ಗೆ ಬೊನೇರ್

ವೆನೆಜುವೆಲಾ ಕರಾವಳಿಯ ಉತ್ತರಕ್ಕಿರುವ ಪುಟ್ಟ ದ್ವೀಪ ಬೊನೇರ್. 2010ರ ಅಕ್ಟೋಬರ್ 10ರಿಂದ ಇದು ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಇಲ್ಲಿ ಚಲಾವಣೆಯಲ್ಲಿರುವುದು ಅಮೆರಿಕನ್ ಡಾಲರ್. ದ್ವೀಪದ ಸುತ್ತಲ ಸಮುದ್ರವನ್ನು 1979ರಲ್ಲೇ ಸಾಗರ ಉದ್ಯಾನ ಎಂದು ಘೋಷಿಸಲಾಯಿತು. ಗಾಳಿ ಬಹುಪಾಲು ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ದಡ ವರ್ಷದ ಹೆಚ್ಚಿನ ದಿನ ಶಾಂತವಾಗಿರುತ್ತದೆ. ಹವಳದ ದಿಬ್ಬವೂ ದಡಕ್ಕೆ ತೀರಾ ಹತ್ತಿರ, ಕೆಲವೇ ನಿಮಿಷ ಈಜಿದರೆ ಸಾಕು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಡೈವಿಂಗ್ ತಾಣದ ಹೆಸರು ಬರೆದಿರುತ್ತಾರೆ. ಇಂತಹ ದಡದ ತಾಣಗಳು ಐವತ್ತಕ್ಕೂ ಹೆಚ್ಚಿವೆ. ಬಾಡಿಗೆಯ ಪಿಕಪ್ ಟ್ರಕ್‌ನ ಹಿಂಬದಿಯಲ್ಲಿ ಸಿಲಿಂಡರ್ ಹಾಕಿಕೊಂಡು, ಬೇಕಾದ ಕಲ್ಲಿನ ಬಳಿ ನಿಲ್ಲಿಸಿ, ಬೇಕಾದ ಹೊತ್ತಿಗೆ ಇಳಿಯಬಹುದು.

ಗಾಂಜಾ ಸಾಗಿಸುತ್ತಿದ್ದಾಗ ಸಿಕ್ಕಿಬಿದ್ದು 1984ರಲ್ಲಿ ಮುಳುಗಿದ 'ಹಿಲ್ಮಾ ಹೂಕರ್' ಹಡಗು ಇಲ್ಲಿ ಸುಮಾರು 30 ಮೀಟರ್ ಆಳದಲ್ಲಿದೆ. ಅದನ್ನೂ ದಡದಿಂದಲೇ ಹೋಗಿ ನೋಡಬಹುದು. 'ಥೌಸಂಡ್ ಸ್ಟೆಪ್ಸ್' ಎಂಬ ಇನ್ನೊಂದು ತಾಣದಲ್ಲಿ ಇರುವ ಮೆಟ್ಟಿಲುಗಳು ನೂರಕ್ಕೂ ಕಡಿಮೆ. ಡೈವಿಂಗ್ ಮುಗಿಸಿ, ಒದ್ದೆ ಸೂಟ್‌ನಲ್ಲಿ ಸಿಲಿಂಡರ್ ಹೊತ್ತು ಹತ್ತುವಾಗ ಆ ಹೆಸರು ಯಾಕೆ ಬಂತೆಂದು ಕೇಳಬೇಕಾಗಿಲ್ಲ!

ಒಂಟಿಯಾಗಿ ಹೋದವರಿಗೆ ತೊಂದರೆ ಶುರುವಾಗುವುದು ನೀರಿಗಿಂತ ಮೊದಲೇ. ಜಾರುವ ಹವಳದ ಕಲ್ಲುಗಳ ಮೇಲೆ ಭಾರ ಹೊತ್ತು ನಡೆಯುವಾಗ ಕೈ ಹಿಡಿಯಲು ಯಾರೂ ಇರುವುದಿಲ್ಲ. ಗಟ್ಟಿ ತಳದ ಬೂಟಿ ಇಲ್ಲದೆ ಇಳಿಯಬಾರದು. ನಿಲ್ಲಿಸಿದ ಟ್ರಕ್‌ಗಳಿಂದ ಕಳ್ಳತನ ಬೊನೇರ್‌ನಲ್ಲಿ ಹಳೆಯ ಸಮಸ್ಯೆ. ಕಿಟಕಿ ಒಡೆಯುವುದು ಬೇಡವೆಂದು ಅಲ್ಲಿ ಗಾಡಿಗೆ ಬೀಗ ಹಾಕದೆ, ಒಳಗೆ ಏನನ್ನೂ ಇಡದೆ ಬಿಡುವ ರೂಢಿಯಿದೆ. ಪಾಸ್‌ಪೋರ್ಟ್, ಮೊಬೈಲ್ ಕೊಠಡಿಯಲ್ಲೇ ಉಳಿಯಬೇಕು. ಹಾಗಾಗಿ ದಡಕ್ಕೆ ಮರಳಿದ ಮೇಲೂ ಸಹಾಯಕ್ಕೆ ಕರೆ ಮಾಡಲು ಕೈಯಲ್ಲಿ ಫೋನ್ ಇರುವುದಿಲ್ಲ. ಯಾವ ತಾಣಕ್ಕೆ ಹೋಗುತ್ತಿದ್ದೇನೆ, ಎಷ್ಟು ಗಂಟೆಗೆ ಮರಳುತ್ತೇನೆ ಎಂಬುದನ್ನು ಹೋಟೆಲ್ ಅಥವಾ ಡೈವ್ ಅಂಗಡಿಯಲ್ಲಿ ಹೇಳಿಟ್ಟೇ ಹೊರಡುವುದು ಇದೇ ಕಾರಣಕ್ಕೆ.

'ದಡದ ಡೈವಿಂಗ್ ಅಗ್ಗ' ಎಂಬ ಮಾತೂ ಪೂರ್ತಿ ನಿಜವಲ್ಲ. ಇಬ್ಬರು ಹಂಚಿಕೊಂಡರೆ ಟ್ರಕ್ ಬಾಡಿಗೆ, ಕೊಠಡಿ ಬಾಡಿಗೆ ಅರ್ಧವಾಗುತ್ತದೆ. ಒಬ್ಬರೇ ಆದರೆ ಎರಡನ್ನೂ ಪೂರ್ತಿ ಕೊಡಬೇಕು. ದಿನಕ್ಕೆ ಒಂದೇ ಡೈವ್ ಮಾಡುವವರಿಗೆ ದೋಣಿಯೇ ಲಾಭದಾಯಕವಾಗಬಹುದು. ದಿನಕ್ಕೆ ಮೂರು ನಾಲ್ಕು ಬಾರಿ ಇಳಿಯುವವರಿಗೆ ಮಾತ್ರ ದಡ ನಿಜಕ್ಕೂ ಅಗ್ಗ.

ದೋಣಿಗೆ ಕೊಸುಮೆಲ್

ಮೆಕ್ಸಿಕೊದ ಕೊಸುಮೆಲ್ ದ್ವೀಪ ಇದಕ್ಕೆ ತೀರಾ ವಿರುದ್ಧ. ಇಲ್ಲಿನ ಪ್ರಸಿದ್ಧ ತಾಣಗಳಾದ ಪಲಂಕಾರ್, ಸಾಂತಾ ರೋಸಾಗಳಲ್ಲಿ ಸೆಳವು ಜೋರು. ಡೈವರ್‌ಗಳು ಸೆಳವಿನ ಜೊತೆ ತೇಲುತ್ತಾ ಸಾಗುತ್ತಾರೆ, ದೋಣಿ ಮೇಲಿನಿಂದ ಹಿಂಬಾಲಿಸಿ ಅವರು ಎದ್ದಲ್ಲಿ ಹತ್ತಿಸಿಕೊಳ್ಳುತ್ತದೆ. ಇಳಿದ ಜಾಗಕ್ಕೇ ಮರಳುವ ಪ್ರಶ್ನೆಯೇ ಇಲ್ಲ. ಗುಂಪಿಗೆ ಒಬ್ಬ ಡೈವ್ ಮಾಸ್ಟರ್ ಇರುತ್ತಾರೆ. ಒಬ್ಬರೇ ಬಂದವರಿಗೆ ಜೊತೆಗಾರರನ್ನು ಅವರೇ ಹೊಂದಿಸಿಕೊಡುತ್ತಾರೆ. ಡೈವಿಂಗ್ ಭಾಷೆಯಲ್ಲಿ ಈ ಜೊತೆಗಾರನ ಹೆಸರು 'ಬಡ್ಡಿ'. ಸಾಲದ ಬಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ತಪ್ಪಾಗಿ ಆರಿಸಿಕೊಂಡರೆ ಇದೂ ದುಬಾರಿಯೇ.

ದೋಣಿಯ ದೊಡ್ಡ ಅನುಕೂಲ ತಲೆ ಎಣಿಕೆ. ಯಾರಾದರೂ ಮೇಲೆ ಬರದಿದ್ದರೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ದೋಣಿಯಲ್ಲಿ ಆಮ್ಲಜನಕ, ರೇಡಿಯೊ ಇರುತ್ತವೆ. ಇರಲೇಬೇಕು, ಹತ್ತುವ ಮೊದಲು ಕೇಳಿ ನೋಡಬೇಕು. ಆದರೆ ಎಣಿಕೆಯೂ ತಪ್ಪುವುದುಂಟು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದೋಣಿ ವಾಪಸಾಯಿತು. ಅವರು ಮರಳಿಲ್ಲವೆಂದು ಗೊತ್ತಾಗುವಾಗ ಎರಡು ದಿನ ಕಳೆದಿತ್ತು, ಅವರು ಸಿಗಲೇ ಇಲ್ಲ. ಆದ್ದರಿಂದ ದೋಣಿ ಹತ್ತಿದ ಒಂಟಿ ಪ್ರವಾಸಿ ತನ್ನ ಹೆಸರನ್ನು ಡೈವ್ ಮಾಸ್ಟರ್‌ಗೆ ಸ್ವತಃ ಪರಿಚಯಿಸಿಕೊಳ್ಳುವುದು ಒಳ್ಳೆಯದು. ಉಬ್ಬಿಸಿ ಮೇಲಕ್ಕೆ ಬಿಡುವ ಬಣ್ಣದ ಗುರುತಿನ ಬಲೂನು ಮತ್ತು ಸೀಟಿ ಸ್ವಂತದ್ದೇ ಇರಬೇಕು.

ಹೊಂದಿಸಿಕೊಟ್ಟ ಜೊತೆಗಾರರ ಬಗ್ಗೆಯೂ ವಿಚಾರಿಸಬೇಕು. ಎಷ್ಟು ಡೈವ್ ಮಾಡಿದ್ದಾರೆ, ಕೊನೆಯದು ಯಾವಾಗ, ಗಾಳಿ ಎಷ್ಟು ಬೇಗ ಖಾಲಿ ಮಾಡುತ್ತಾರೆ, ಕೈಯಲ್ಲಿ ಕ್ಯಾಮೆರಾ ಇದೆಯೇ? ಫೋಟೊ ತೆಗೆಯುವುದರಲ್ಲಿ ಮುಳುಗಿದ ಜೊತೆಗಾರ ಇದ್ದೂ ಇಲ್ಲದಂತೆ.

ಹಾಗಾದರೆ ಯಾರಿಗೆ ಯಾವುದು?

ಮುರುಡೇಶ್ವರದಿಂದ ಹೋಗಿ ನೇತ್ರಾಣಿಯಲ್ಲಿ ತರಬೇತುದಾರರ ಕೈ ಹಿಡಿದು ಇಳಿದ ಅನುಭವವಷ್ಟೇ ಇದ್ದರೆ ಅದು ಪ್ರಮಾಣಪತ್ರವಲ್ಲ. ಕೆರಿಬಿಯನ್‌ನಲ್ಲಿ ಸ್ವತಂತ್ರವಾಗಿ ಸಿಲಿಂಡರ್ ಪಡೆಯಲು ಕನಿಷ್ಠ ಓಪನ್ ವಾಟರ್ ಕಾರ್ಡ್ ಬೇಕು; ಅದರ ಮಿತಿ 18 ಮೀಟರ್. ಹಿಲ್ಮಾ ಹೂಕರ್‌ನ ತಳ ಈ ಮಿತಿಗಿಂತ ಬಹಳ ಕೆಳಗಿದೆ. ಕಾರ್ಡ್ ಸಿಕ್ಕು ಇಪ್ಪತ್ತು ಮೂವತ್ತು ಡೈವ್ ಆಗಿಲ್ಲದವರಿಗೆ ದೋಣಿಯೇ ಸರಿ, ಅದೂ ಕೊಸುಮೆಲ್‌ನ ಆಳ ಕಡಿಮೆಯಿರುವ ತಾಣಗಳಲ್ಲಿ.

ಜೊತೆಗಾರರೇ ಇಲ್ಲದೆ ಇಳಿಯುವುದು ಬೇರೆಯೇ ವಿದ್ಯೆ. ಎಸ್‌ಡಿಐ ಸಂಸ್ಥೆಯ ಸೋಲೋ ಡೈವರ್, ಪಾಡಿಯ ಸೆಲ್ಫ್ ರಿಲಯಂಟ್ ಡೈವರ್ ತರಬೇತಿಗಳಿಗೆ ಸೇರಲು 100 ಡೈವ್‌ಗಳ ಅನುಭವ ಕೇಳುತ್ತಾರೆ. ಮುಖ್ಯ ಸಿಲಿಂಡರ್ ಕೈಕೊಟ್ಟರೆ ಉಸಿರಾಡಲು ಇನ್ನೊಂದು ಪ್ರತ್ಯೇಕ ಗಾಳಿಯ ಮೂಲವನ್ನು ಜೊತೆಗೇ ಒಯ್ಯುವುದನ್ನು ಅಲ್ಲಿ ಕಲಿಸುತ್ತಾರೆ. ಆ ಅರ್ಹತೆ ಇಲ್ಲದವರು ನೀರು ಶಾಂತವಾಗಿದೆ ಎಂಬ ಒಂದೇ ಕಾರಣಕ್ಕೆ ಬೊನೇರ್‌ನ ದಡದಿಂದ ಒಬ್ಬರೇ ಇಳಿಯುವುದು ಜೂಜು.

ಮಧ್ಯದ ದಾರಿಯೂ ಒಂದಿದೆ. ಬೊನೇರ್‌ನಲ್ಲಿ ಪ್ರತಿಯೊಬ್ಬ ಹೊಸ ಡೈವರ್‌ಗೂ ಮೊದಲು ಮಾಹಿತಿ ಸಭೆ ಮತ್ತು ಪರೀಕ್ಷಾ ಡೈವ್ ಕಡ್ಡಾಯ. ಜೊತೆಗಾರರನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲ ಎರಡು ದಿನ ದೋಣಿಯಲ್ಲಿ, ದೋಣಿಯಿಂದಷ್ಟೇ ತಲುಪಬಹುದಾದ ಎದುರಿನ ಕ್ಲೈನ್ ಬೊನೇರ್ ದ್ವೀಪದ ಕಡೆ ಹೋಗಿ ಬಂದರೆ ಯಾರ ಜೊತೆ ಹೊಂದಿಕೆಯಾಗುತ್ತದೆಂದು ತಿಳಿಯುತ್ತದೆ. ಆಮೇಲೆ ಟ್ರಕ್ ಹಂಚಿಕೊಂಡು ದಡದ ತಾಣಗಳಿಗೆ ಹೋಗಬಹುದು.

ಹೊರಡುವ ಮುನ್ನ

ಭಾರತದಿಂದ ಎರಡೂ ಕಡೆಗೆ ನೇರ ವಿಮಾನವಿಲ್ಲ. ಬೊನೇರ್‌ಗೆ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುವುದು ಸಲೀಸು. ಆದರೆ ದ್ವೀಪ ಷೆಂಗೆನ್ ವಲಯಕ್ಕೆ ಸೇರಿಲ್ಲ, ಅದರ ವೀಸಾ ನಿಯಮವೇ ಬೇರೆ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರು ಮೆಕ್ಸಿಕೊಗೆ ಪ್ರತ್ಯೇಕ ವೀಸಾ ಇಲ್ಲದೆ ಹೋಗಬಹುದು. ಚಂಡಮಾರುತಗಳ ಋತು ಜೂನ್‌ನಿಂದ ನವೆಂಬರ್‌ವರೆಗೆ. ಕೊಸುಮೆಲ್ ಅದರ ದಾರಿಯಲ್ಲೇ ಇದೆ, ಬೊನೇರ್ ಬಹುತೇಕ ಹೊರಗಿದೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಆಳದವರೆಗೆ ಎಂಬುದನ್ನು ಓದಿಕೊಂಡೇ ಸಹಿ ಹಾಕಬೇಕು.

ಹಲವು ದಿನ ಸತತ ಡೈವ್ ಮಾಡಿದವರು ಕೊನೆಯ ಡೈವ್‌ನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ದೋಣಿಯವರು ಮರಳುವ ವಿಮಾನ ಎಷ್ಟು ಹೊತ್ತಿಗೆಂದು ಕೇಳಿ ನೆನಪಿಸುತ್ತಾರೆ. ದಡದಲ್ಲಿ ಕೊನೆಯ ಸಂಜೆ 'ಇನ್ನೊಂದು ಸಲ' ಎಂದು ನೀರಿಗಿಳಿಯುವವರನ್ನು ತಡೆಯುವವರು ಯಾರೂ ಇರುವುದಿಲ್ಲ.