ಅಂಕಣದ ಮನೆಯಿಂದ ಎರಡು ಕೋಣೆಯ ಬಾಡಿಗೆ ಮನೆಗೆ

ಕೊಪ್ಪಳ ಸೀಮೆಯಲ್ಲಿ ಹಿಂದೆ ಮನೆಯ ಅಳತೆ ಹೇಳುತ್ತಿದ್ದುದು ಕೋಣೆಗಳಿಂದಲ್ಲ, ಅಂಕಣಗಳಿಂದ. ಕಂಬಗಳ ನಡುವಿನ ಒಂದು ಪಟ್ಟಿ ಜಾಗ ಒಂದು ಅಂಕಣ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೆಳಕಿಂಡಿ, ಬಾಗಿಲ ಒಳಗೇ ದನದ ಗ್ವಾದಲಿ, ಅದರಾಚೆ ಎತ್ತರದ ಪಡಸಾಲೆ, ಕೊನೆಗೆ ಅಡುಗೆಮನೆ. ದನ, ಕಾಳು, ಕುಟುಂಬ ಒಂದೇ ಸೂರಿನಡಿ ಇರುತ್ತಿದ್ದ ಈ ಮನೆ ಬಾಡಿಗೆಗೆಂದು ಕಟ್ಟಿದ್ದಲ್ಲ. ಅದೇ ನೆಲದಲ್ಲಿ ಇಂದು ‘ಡಬಲ್ ಬೆಡ್‌ರೂಂ’ ಮನೆಗಳ ಬಾಡಿಗೆ ವ್ಯವಹಾರ ಬೆಳೆದಿರುವುದರ ಹಿಂದೆ ಮುಕ್ಕಾಲು ಶತಮಾನದ ಇತಿಹಾಸವಿದೆ.

ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಈ ನಡುವೆ, 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯ ಕೆಲಸ 1953ರಲ್ಲಿ ಮುಗಿಯಿತು. ದೂರದಿಂದ ಬಂದ ನೌಕರರಿಗಾಗಿ ಮುನಿರಾಬಾದಿನಲ್ಲಿ ಸರ್ಕಾರಿ ವಸತಿ ಕಾಲೊನಿಯೇ ಎದ್ದಿತು. ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ನಾಡಾಗಿಸಿತು. ಆಂಧ್ರದಿಂದ ಬಂದ ರೈತರ ‘ಕ್ಯಾಂಪ್’ಗಳು ಹುಟ್ಟಿದವು. ಅಕ್ಕಿ ಗಿರಣಿ, ವ್ಯಾಪಾರ, ಬ್ಯಾಂಕುಗಳ ಜತೆಗೆ ಸ್ವಂತ ಮನೆಯಿಲ್ಲದ ಜನವೂ ಬಂದರು. 2011ರ ಜನಗಣತಿಯಲ್ಲಿ ಜಿಲ್ಲಾ ಕೇಂದ್ರವಾದ ಕೊಪ್ಪಳದ ಜನಸಂಖ್ಯೆ ಸುಮಾರು 70 ಸಾವಿರವಿದ್ದರೆ, ತಾಲ್ಲೂಕು ಕೇಂದ್ರವಾದ ಗಂಗಾವತಿಯದು ಒಂದು ಲಕ್ಷವನ್ನು ಮೀರಿತ್ತು.

ಎರಡನೆಯ ತಿರುವು 1997ರದು. ಆ ವರ್ಷ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಕಚೇರಿಗಳೊಂದಿಗೆ ವರ್ಗವಾಗಿ ಬರುವ ನೌಕರರೂ ಬಂದರು. 2015ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಕೆಳಗೆ ಮಾಲೀಕ, ಮೇಲೆ ಬಾಡಿಗೆದಾರ ಎಂಬ ಆರ್‌ಸಿಸಿ ಮನೆಗಳು ಹೊಸ ಬಡಾವಣೆಗಳಲ್ಲಿ ಸಾಮಾನ್ಯವಾದವು. ಹೊಲಗದ್ದೆಯ ಜತೆಗೆ ಮಹಡಿಯೂ ಆದಾಯದ ಮೂಲವಾಯಿತು.

ಹಳೆಯ ಊರಿನಲ್ಲಿ ಪೇಟೆ, ಶಾಲೆ, ಗುಡಿ ನಡೆದು ಹೋಗುವಷ್ಟು ಹತ್ತಿರ. ಬಡಾವಣೆಗಳಾದರೋ ಊರ ಹೊರಗಿನ ಹೆದ್ದಾರಿಗಳ ಗುಂಟ ಚಾಚಿಕೊಂಡವು. ಸಾರಿಗೆ ಸಂಸ್ಥೆಯ ಬಸ್ಸು ಊರಿಂದೂರಿಗೆ ಮುಟ್ಟಿಸುತ್ತದೆ, ಮನೆಯ ತಿರುವಿಗಲ್ಲ. 2023ರ ‘ಶಕ್ತಿ’ ಯೋಜನೆಯಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದರೂ ಬಸ್ ನಿಲ್ದಾಣದಿಂದ ಬಡಾವಣೆಗೆ ಆಟೋ ಖರ್ಚು ತಪ್ಪಿಲ್ಲ. ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಗೆ ರೈಲು ಬಂದಿತು. ನಿಲ್ದಾಣದಿಂದ ಮನೆಗೆ ಮತ್ತೆ ವಾಹನವೇ ಬೇಕು. ಹೀಗಾಗಿ ಕಡಿಮೆ ಬಾಡಿಗೆಯ ದೂರದ ಮನೆ ನಿಜಕ್ಕೂ ಅಗ್ಗವೇ ಎಂಬುದನ್ನು ಪೆಟ್ರೋಲಿನ ಲೆಕ್ಕ ಕೂಡಿಸಿಯೇ ಹೇಳಬೇಕು. ಗಾಡಿ ಓಡಿಸಲಾಗದ ವೃದ್ಧರಿಗೆ ಈ ಲೆಕ್ಕ ಇನ್ನೂ ಕಠಿಣ.

ಬಾಡಿಗೆದಾರನಿಗೆ ಕಾನೂನಿನ ಆಸರೆ ಎಷ್ಟು? ಹೈದರಾಬಾದ್ ರಾಜ್ಯ 1954ರಲ್ಲಿ, ಮೈಸೂರು ರಾಜ್ಯ 1961ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆಗಳನ್ನು ತಂದವು. ಅವುಗಳ ನಂತರದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಯಾಯಿತು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಈ ಮಿತಿ ದಾಟಿದ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಂತೆ, ಬೇರೆ ಕರಾರು ಇಲ್ಲದಿದ್ದರೆ, ವಾಸದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದು. 15 ದಿನಗಳ ನೋಟಿಸಿನಿಂದ ಕೊನೆಗಾಣಿಸಬಹುದು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಎಲ್ಲೆಡೆ 11 ತಿಂಗಳ ಕರಾರು ಪತ್ರ ಬಳಕೆಗೆ ಬಂದುದರ ಗುಟ್ಟು ಇದೇ.

ಇವೆಲ್ಲಕ್ಕೂ ಮೊದಲು ಎದುರಾಗುವುದು ‘ನೀವು ಯಾವ ಮಂದಿ?’ ಎಂಬ ಪ್ರಶ್ನೆ. ಅದರ ಬೆನ್ನಿಗೇ ಊಟದ ವಿಚಾರ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಆದರೆ ‘ಮನಿ ಆಗಲೇ ಕೊಟ್ಟೀವಿ’ ಎಂಬ ಉತ್ತರವನ್ನು ಸುಳ್ಳೆಂದು ರುಜುವಾತು ಮಾಡುವುದು ಸುಲಭವಲ್ಲ. ಪ್ರತಿ ಜಾತಿಗೂ ಪ್ರತ್ಯೇಕ ಓಣಿಯಿದ್ದ ಹಳೆಯ ಊರಿನ ಗೆರೆಗಳು ಸಿಮೆಂಟಿನ ಬಡಾವಣೆಗೂ ಹೀಗೆ ದಾಟಿ ಬಂದಿವೆ. ದಲಿತ ಶಿಕ್ಷಕನಿಗೋ ಮುಸ್ಲಿಂ ದಾದಿಗೋ ಅದೇ ಬಾಡಿಗೆಗೆ ಅದೇ ಮನೆ ಸಿಗುವ ದಿನ ಬಂದಾಗಲೇ ಅಂಕಣದ ಕಾಲ ನಿಜವಾಗಿ ಹಿಂದೆ ಸರಿಯಿತೆನ್ನಬಹುದು.