ಹಕ್ಕಿಯೋ ಮೃಗವೋ? ಕೋಲಾರದ ಬಾವಲಿಯ ಕುಲಗೋತ್ರ

ಕೋಲಾರ ಜಿಲ್ಲೆ ಎಂದೊಡನೆ ನೆನಪಿಗೆ ಬರುವುದು ಚಿನ್ನದ ಗಣಿ, ರೇಷ್ಮೆ ಮತ್ತು ಶ್ರೀನಿವಾಸಪುರದ ಮಾವು. ಪ್ರಾಣಿಶಾಸ್ತ್ರಜ್ಞರಿಗೆ ನೆನಪಾಗುವುದು ಒಂದು ಪುಟ್ಟ ಬಾವಲಿ. ಹನುಮನಹಳ್ಳಿಯ ಕಲ್ಲುಗುಹೆಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈಗ ಅದರ ನೆಲೆ ಗೊತ್ತಿಲ್ಲ. ಅದಕ್ಕೊಂದು ಹೆಸರು ದೊರೆತದ್ದು 1994ರಲ್ಲಿ. ಆ ಹೆಸರಿನ ಹಿಂದೆ ಜೀವಿಗಳನ್ನು ವಿಂಗಡಿಸಲು ಮನುಷ್ಯ ಪಟ್ಟ ಶ್ರಮದ ದೀರ್ಘ ಇತಿಹಾಸವಿದೆ.

ಹಾರುವುದರಿಂದ ಹಕ್ಕಿಯೇ, ಹಲ್ಲಿರುವುದರಿಂದ ಮೃಗವೇ? ಬಾವಲಿ ಎಲ್ಲ ಕಾಲಕ್ಕೂ ವಿಂಗಡಣೆಗಾರರನ್ನು ಕಾಡಿದೆ. ನಮ್ಮ ಉಪನಿಷತ್ತುಗಳು ಜೀವಿಗಳನ್ನು ಹುಟ್ಟಿನ ಬಗೆಯಿಂದ ಅಂಡಜ, ಜರಾಯುಜ ಮುಂತಾಗಿ ವಿಭಾಗಿಸಿದವು. ಜೈನ ಶಾಸ್ತ್ರಕಾರರು ಇಂದ್ರಿಯಗಳನ್ನು ಎಣಿಸಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಶ್ರೇಣಿ ಮಾಡಿದರು. ಯೂರೋಪಿನಲ್ಲಿ 1555ರಷ್ಟು ಈಚೆಗೂ ಪಿಯರ್ ಬೆಲೋನ್ ಎಂಬ ಫ್ರೆಂಚ್ ವಿದ್ವಾಂಸ ತನ್ನ ಹಕ್ಕಿಗಳ ಗ್ರಂಥದಲ್ಲೇ ಬಾವಲಿಗೂ ಜಾಗ ಕೊಟ್ಟಿದ್ದ.

ಆದರೆ ದೇಹರಚನೆ ಬೇರೆಯದೇ ಕಥೆ ಹೇಳುತ್ತದೆ. ಬಾವಲಿಗೆ ಗರಿಯಿಲ್ಲ, ಮೈತುಂಬ ಕೂದಲಿದೆ. ಅದು ಮೊಟ್ಟೆಯಿಡುವುದಿಲ್ಲ, ಮರಿ ಹಾಕಿ ಮೊಲೆಯುಣಿಸುತ್ತದೆ. ಅದರ ರೆಕ್ಕೆಯನ್ನು ಬಿಡಿಸಿ ನೋಡಿದರೆ ನಮ್ಮ ಕೈಯದೇ ಮೂಳೆಗಳು: ತೋಳು, ಮುಂಗೈ, ಐದು ಬೆರಳು. ನಾಲ್ಕು ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ ಬೆಳೆದು ತೊಗಲನ್ನು ಹಿಡಿದಿವೆ; ಹೆಬ್ಬೆರಳು ಮಾತ್ರ ಬಿಡುವಾಗಿದೆ. ಹಕ್ಕಿಯ ರೆಕ್ಕೆಯಲ್ಲಿ ಬೆರಳುಗಳು ಕುಗ್ಗಿ ಬೆಸೆದುಕೊಂಡಿರುತ್ತವೆ. ಕೆಲಸ ಒಂದೇ ಆದರೂ ಕಟ್ಟಡ ಬೇರೆ.

ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಹಾಲೂಡುವ ಪ್ರಾಣಿಗಳನ್ನು 'ಸಸ್ತನಿ' ಎಂಬ ಒಂದೇ ವರ್ಗಕ್ಕೆ ತಂದ. ಹಲ್ಲು ಮತ್ತು ಮೊಲೆಗಳ ಹೋಲಿಕೆಯಿಂದ ಬಾವಲಿಯನ್ನು ಮನುಷ್ಯ ಮತ್ತು ಕೋತಿಗಳ ಗಣದಲ್ಲೇ ಕೂರಿಸಿದ! ಜರ್ಮನಿಯ ಬ್ಲೂಮೆನ್‌ಬಾಖ್ 1779ರಲ್ಲಿ ಅದಕ್ಕೆ ಪ್ರತ್ಯೇಕ ಗಣ ಕಲ್ಪಿಸಿ 'ಕೈರಾಪ್ಟೆರ' ಎಂದು ಕರೆದ. ಕೈಯೇ ರೆಕ್ಕೆಯಾದದ್ದು ಎಂದು ಅದರ ಅರ್ಥ.

ಕೋಲಾರದ ಬಾವಲಿಯನ್ನು ಗುರುತಿಸಿದವರು ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ಎಚ್.ಆರ್. ಭಟ್. ಅವರಿಟ್ಟ ಹೆಸರು ಹಿಪ್ಪೊಸಿಡೆರೊಸ್ ಹೈಪೊಫಿಲ್ಲಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ಕುದುರೆ ಲಾಳವೆಂದೂ ಎರಡನೆಯದಕ್ಕೆ ಎಲೆಯ ಅಡಿ ಎಂದೂ ಅರ್ಥ. ಈ ಕುಲದ ಬಾವಲಿಗಳ ಮೂಗಿನ ಮೇಲೆ ಲಾಳದ ಆಕಾರದ ತೊಗಲಿನ ಎಲೆ ಇರುತ್ತದೆ. ಇವು ಮೂಗಿನಿಂದ ಹೊರಡಿಸುವ ಸೂಕ್ಷ್ಮ ಶಬ್ದವನ್ನು ಒಂದೆಡೆಗೆ ಹರಿಸಲು ಆ ಎಲೆ ನೆರವಾಗುತ್ತದೆ. ಮರಳಿದ ಪ್ರತಿಧ್ವನಿಯಿಂದ ಕತ್ತಲಲ್ಲಿ ಕೀಟದ ಜಾಡು ಸಿಗುತ್ತದೆ. ಮೇಲ್ನೋಟಕ್ಕೆ ಒಂದೇ ತೆರನಾದ ಈ ಸೋದರರನ್ನು ಬೇರ್ಪಡಿಸಬೇಕಾದರೆ ಮೂಗಿನೆಲೆ, ಮುಂಗೈ ಮೂಳೆ, ತಲೆಬುರುಡೆ, ಹಲ್ಲು ಎಲ್ಲವನ್ನೂ ಅಳೆದು ನೋಡಬೇಕು.

ದೇಹರಚನೆಯ ಸಾಕ್ಷ್ಯವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹಣ್ಣು ತಿನ್ನುವ ದೊಡ್ಡವು, ಕೀಟ ತಿನ್ನುವ ಚಿಕ್ಕವು ಎಂದು ಬಾವಲಿಗಳನ್ನು ಬಹುಕಾಲ ಎರಡಾಗಿ ವಿಂಗಡಿಸಲಾಗಿತ್ತು. 2000ದ ಆಸುಪಾಸಿನ ಡಿಎನ್‌ಎ ಅಧ್ಯಯನಗಳು ಈ ಗೋಡೆಯನ್ನು ಕೆಡವಿದವು. ಎಲೆಮೂಗಿನ ವಂಶ ಕೀಟಾಹಾರಿಯಾದರೂ, ಇತರ ಹಲವು ಚಿಕ್ಕ ಬಾವಲಿಗಳಿಗಿಂತ ಹಣ್ಣುಬಾಕ ಬಾವಲಿಗಳಿಗೇ ಹತ್ತಿರದ ನೆಂಟ ಎಂದು ತಿಳಿಯಿತು.

ಇಷ್ಟೆಲ್ಲ ಕುಲಗೋತ್ರ ವಿಚಾರಣೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಉತ್ತರ ಕೋಲಾರದ ಬಂಡೆಗಳಲ್ಲೇ ಇದೆ. ಒಂದು ಕಾಲಕ್ಕೆ ಈ ಬಾವಲಿ ತೇರಹಳ್ಳಿಯಲ್ಲೂ ಇತ್ತು, ಈಗ ಅಲ್ಲಿಲ್ಲ. ಹನುಮನಹಳ್ಳಿಯ ಗುಹೆಗೂ ಅಕ್ರಮ ಗ್ರಾನೈಟ್ ಗಣಿಗಾರಿಕೆಯ ಭೀತಿ ತಟ್ಟಿತು. ಎಣಿಕೆಯಲ್ಲಿ ಸಿಕ್ಕ ಬಾವಲಿಗಳು ಇನ್ನೂರರ ಒಳಗೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2016ರಲ್ಲಿ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 2019ರ ವೇಳೆಗೆ ರಾಜ್ಯ ಸರ್ಕಾರ ಗುಹೆಗಳ ಸುತ್ತಲಿನ 30 ಎಕರೆಯನ್ನು ಸಂರಕ್ಷಿತವೆಂದು ಘೋಷಿಸಿತು.

ಸಾಮಾನ್ಯ ಬಾವಲಿಗಳ ಪೈಕಿ ಇದೂ ಒಂದೆಂದು ಬಗೆದಿದ್ದರೆ ಆ ಬಂಡೆಗೆ ಕಲ್ಲಿನ ಬೆಲೆ ಮಾತ್ರ ಇರುತ್ತಿತ್ತು. ಹೆಸರೇ ಇಲ್ಲದ ಜೀವಿಯನ್ನು ಉಳಿಸಿ ಎಂದು ಯಾರೂ ಅರ್ಜಿ ಹಾಕಲಾರರು. ಅದು ಅಳಿದರೆ ಅಳಿಯಿತೆಂದು ಯಾರಿಗೂ ತಿಳಿಯುವುದೂ ಇಲ್ಲ.