ಮಡಚಿದರೆ ಮಾಯವಾಗುವ ನಾಡಿ: ನಡೆವಾಗಿನ ಕಾಲುನೋವಿನ ಅಪರೂಪದ ಕಾರಣಗಳು

ನಡೆಯುತ್ತಿದ್ದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಅರವತ್ತು ದಾಟಿದ ಧೂಮಪಾನಿಯಲ್ಲಿ ಇದು ಕಂಡರೆ ಅಪಧಮನಿಯಲ್ಲಿ ಕೊಬ್ಬು ಕಟ್ಟಿರುವ ಅನುಮಾನ ಕೂಡಲೇ ಮೂಡುತ್ತದೆ. ಇಪ್ಪತ್ತೈದರ ಓಟಗಾರನಲ್ಲಿ ಕಂಡರೆ ಸ್ನಾಯು ಸೆಳೆತವೆಂದು ನೋವಿನ ಮಾತ್ರೆ ಕೊಟ್ಟು ಕಳಿಸುವುದೇ ಹೆಚ್ಚು. ಮಲಗಿಸಿ ಮುಟ್ಟಿದಾಗ ಪಾದದ ನಾಡಿ ಚೆನ್ನಾಗಿಯೇ ಸಿಗುವುದು ಈ ತಪ್ಪಿಗೆ ಮೂಲ.

ಇಂಥ ನೋವಿಗೆ ಒಂದು ಕಾರಣ ಅಪಧಮನಿಯ ತಪ್ಪು ದಾರಿ. 1879ರಲ್ಲಿ ಎಡಿನ್‌ಬರೋದ ವೈದ್ಯಕೀಯ ವಿದ್ಯಾರ್ಥಿ ಆಂಡರ್ಸನ್ ಸ್ಟುವರ್ಟ್, ಕತ್ತರಿಸಿ ತೆಗೆದ ಕಾಲೊಂದನ್ನು ಛೇದಿಸುವಾಗ ಮಂಡಿಯ ಹಿಂದಿನ ಪಾಪ್ಲಿಟಿಯಲ್ ಅಪಧಮನಿ ತನ್ನ ದಾರಿ ಬಿಟ್ಟು ಮೀನಖಂಡದ ಸ್ನಾಯುವಿನ ಒಳತಲೆಯನ್ನು ಸುತ್ತಿ ಹೋಗಿದ್ದುದನ್ನು ಕಂಡ. ಈ ದೋಷಕ್ಕೆ ಶಸ್ತ್ರಚಿಕಿತ್ಸೆ ವರದಿಯಾದದ್ದು 1959ರಲ್ಲಿ: ನೆದರ್ಲೆಂಡ್ಸ್‌ನ ಹ್ಯಾಮಿಂಗ್, ಹನ್ನೆರಡು ವರ್ಷದ ಹುಡುಗನಿಗೆ ಮಾಡಿದ್ದು. ಪ್ರತಿ ಹೆಜ್ಜೆಗೂ ಸ್ನಾಯು ನಾಳವನ್ನು ಹಿಂಡುತ್ತದೆ. ವರ್ಷಗಳು ಕಳೆದಂತೆ ಗೋಡೆ ಗಾಯಗೊಂಡು ರಕ್ತ ಹೆಪ್ಪುಗಟ್ಟಬಹುದು. ಪಾದವನ್ನು ಕೆಳಕ್ಕೆ ಬಲವಾಗಿ ಒತ್ತಿಸಿದಾಗ ನಾಡಿ ಅಡಗುವುದು ಇದರ ಸುಳಿವು. ಆದರೆ ಆರೋಗ್ಯವಂತರಲ್ಲೂ ಹಲವರಿಗೆ ಹಾಗಾಗುವುದರಿಂದ, ಅದೊಂದನ್ನೇ ನೆಚ್ಚಿ ಚಾಕು ಹಿಡಿಯುವುದು ಅವಸರವಾದೀತು.

ನಾಳಗೋಡೆಯ ಹೊರಪದರದಲ್ಲಿ ಲೋಳೆ ತುಂಬಿದ ಚೀಲ ಬೆಳೆಯುವುದು ಇನ್ನೊಂದು ಬಗೆ. 1947ರಲ್ಲಿ ಅಟ್ಕಿನ್ಸ್ ಮತ್ತು ಕೀ ಇದನ್ನು ಸೊಂಟದ ಕೆಳಗಿನ ಅಪಧಮನಿಯಲ್ಲಿ ವರ್ಣಿಸಿದರು. ಹೆಚ್ಚಾಗಿ ಕಾಣುವುದು ಮಂಡಿಯ ಹಿಂದೆ, ಮಧ್ಯವಯಸ್ಸಿನ ಗಂಡಸರಲ್ಲಿ. ಇಲ್ಲಿ ನಾಡಿ ಅಡಗುವುದು ಮಂಡಿ ಮಡಚಿದಾಗ.

ಈ ಭೇದ ಪಾಂಡಿತ್ಯಕ್ಕಷ್ಟೇ ಸೀಮಿತವಲ್ಲ. ಒತ್ತಡ ಹೊರಗಿನಿಂದ ಬರುತ್ತಿರುವಾಗ ಒಳಗೆ ಬಲೂನು ಉಬ್ಬಿಸಿ ಪ್ರಯೋಜನವಿಲ್ಲ. ಮೊದಲ ಬಗೆಯಲ್ಲಿ ಸ್ನಾಯುವನ್ನು ಬಿಡಿಸಬೇಕು, ಎರಡನೆಯದರಲ್ಲಿ ಚೀಲವನ್ನು ತೆಗೆಯಬೇಕು. ಸೂಜಿಯಿಂದ ಹೀರಿದರೆ ಲೋಳೆ ಮತ್ತೆ ತುಂಬಿಕೊಳ್ಳಬಹುದು.

ಬೀಡಿ ಸೇದುವವರಿರುವ ನಮ್ಮ ನಾಡಿನಲ್ಲಿ, ತಂಬಾಕು ಬಳಸುವವರ ಕೈಕಾಲಿನ ರಕ್ತನಾಳಗಳು ಮುಚ್ಚಿಹೋಗುವ ಬರ್ಗರ್ ಕಾಯಿಲೆಯನ್ನು ಮರೆಯುವಂತಿಲ್ಲ. ಇದರಲ್ಲಿ ನೋವು ಅಂಗಾಲಿನ ಕಮಾನಿನಲ್ಲೇ ಶುರುವಾಗಬಹುದು; ಅದನ್ನು ಮೂಳೆನೋವೆಂದು ಬಗೆದು ಕಳೆದ ತಿಂಗಳುಗಳು ಬೆರಳುಗಳನ್ನೇ ಬಲಿ ತೆಗೆದುಕೊಳ್ಳಬಲ್ಲವು. ತಂಬಾಕನ್ನು ಪೂರ್ತಿ ಬಿಡುವುದಕ್ಕೆ ಸಮನಾದ ಚಿಕಿತ್ಸೆ ಇದಕ್ಕಿಲ್ಲ.

ಸ್ಪರ್ಧಾ ಸೈಕಲ್ ಸವಾರರಲ್ಲಿ ತೊಡೆಸಂದಿಯ ಮೇಲಿನ ಅಪಧಮನಿಯ ಗೋಡೆ ನಾರುಗಟ್ಟಿ ದಪ್ಪವಾಗುವುದುಂಟು. ವಿಶ್ರಾಂತಿಯಲ್ಲಿ ಕಣಕಾಲಿನ ರಕ್ತದೊತ್ತಡ ತೋಳಿನದಕ್ಕೆ ಸರಿಸಮ. ಏದುಸಿರು ಬರುವಂತೆ ಪೆಡಲ್ ತುಳಿಸಿ ತಕ್ಷಣ ಅಳೆದರೆ ಅದು ಕುಸಿದಿರುತ್ತದೆ. ರಕ್ತದೊತ್ತಡ ಅಳೆಯುವ ಪಟ್ಟಿ ಹುಡುಕುತ್ತ ಕೆಲವು ನಿಮಿಷ ಕಳೆದರೆ ಸಾಕ್ಷ್ಯ ಅಳಿಸಿಹೋಗಿರುತ್ತದೆ.